ಅಜ್ಜನ ಕಾಸು, ಇಲಿಯ ಕಿವಿ

ಅಮೆರಿಕದಲ್ಲಿ ಅಜ್ಜ-ಅಜ್ಜಿಯರಾಗಲು ಮೊಮ್ಮಗು ಹುಟ್ಟಿದರಷ್ಟೇ ಸಾಲದು. ಅದಕ್ಕೆ ಹಲ್ಲು ಮೂಡಿ, ಎರಡು ಹೆಜ್ಜೆ ನೆಟ್ಟಗೆ ಇಡಲು ಬಂದ ಕೂಡಲೇ ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೊ ಬಳಿಯಿರುವ, ಮನೋರಂಜನಾ ಉದ್ಯಾನಗಳ ತಾಣವಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಸ್ವಂತ ಖರ್ಚಿನಲ್ಲಿ ಕರೆದೊಯ್ದು, ತಲೆಗೆ ಮಿಕ್ಕಿ ಇಲಿಯ ಕಿವಿ ತೊಡಿಸಿ, ಸಿಂಡ್ರೆಲಾಳ ಕೋಟೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಸಿದ ಮೇಲಷ್ಟೇ ಆ ಪದವಿ ಊರ್ಜಿತವಾಗುತ್ತದೆ. ಇದು ಕಾನೂನಿನಲ್ಲಿ ಎಲ್ಲಿಯೂ ಬರೆದಿರುವುದಲ್ಲ; ಆದರೆ ಕಾನೂನಿನಲ್ಲಿ ಬರೆದಿರುವ ಎಷ್ಟೋ ಸಂಗತಿಗಳಿಗಿಂತ ಹೆಚ್ಚು ನಿಷ್ಠೆಯಿಂದ ಪಾಲನೆಯಾಗುತ್ತಿದೆ. ಮಗುವಿನ ತಂದೆ-ತಾಯಿ ಮನೆಯ ಸಾಲದ ಕಂತು, ಕಾಲೇಜು ಸಾಲದ ಕಂತು ಮತ್ತು ಡೇ ಕೇರ್ ಶುಲ್ಕಗಳ ನಡುವೆ ಉಸಿರು ಹಿಡಿದುಕೊಂಡಿರುವುದರಿಂದ, ಈ ಸತ್ಕಾರ್ಯದ ಯಜಮಾನಿಕೆ ಸಹಜವಾಗಿಯೇ ನಿವೃತ್ತರ ಹೆಗಲಿಗೆ ಬರುತ್ತದೆ. ನಲವತ್ತು ವರ್ಷ ದುಡಿದು ವೃದ್ಧಾಪ್ಯಕ್ಕೆಂದು ಕೂಡಿಟ್ಟ ಹಣವನ್ನು ವೃದ್ಧಾಪ್ಯದಲ್ಲಿಯೇ ಖರ್ಚು ಮಾಡುತ್ತಿದ್ದಾರಾದ್ದರಿಂದ ಲೆಕ್ಕಪತ್ರದ ಮಟ್ಟಿಗೆ ಯಾವ ಆಕ್ಷೇಪಣೆಯೂ ಇಲ್ಲ.

ಆಕ್ಷೇಪಣೆ ಇರಬಹುದಾದದ್ದು ಫಲಾನುಭವಿಯ ಬಗ್ಗೆ. ಮನುಷ್ಯನಿಗೆ ತನ್ನ ಎಳವೆಯ ಮೊದಲ ವರ್ಷಗಳ ಘಟನೆಗಳು ನೆನಪಿನಲ್ಲಿ ಉಳಿಯುವುದಿಲ್ಲ ಎಂಬುದನ್ನು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹೇಳಿ ನೂರು ವರ್ಷ ದಾಟಿದೆ. ಆತನ ಉಳಿದ ಎಷ್ಟೋ ಮಾತುಗಳನ್ನು ತಳ್ಳಿಹಾಕಿದ ಮನೋವಿಜ್ಞಾನಿಗಳು ಸಹ ಇದೊಂದನ್ನು ಮಾತ್ರ ಮತ್ತೆ ಮತ್ತೆ ಪರೀಕ್ಷಿಸಿ ಹೌದೆಂದಿದ್ದಾರೆ. ದೊಡ್ಡವರನ್ನು ಕೇಳಿದರೆ ಅವರ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರು-ಮೂರೂವರೆ ವರ್ಷದ ಆಸುಪಾಸಿನದ್ದಾಗಿರುತ್ತದೆ. ಹೀಗಿರುವಾಗ ಎರಡು ವರ್ಷದ ಕೂಸಿಗೆ 'ಜೀವಮಾನದ ನೆನಪು' ಕೊಡಿಸುವುದಕ್ಕಾಗಿ ಇಡೀ ಕುಟುಂಬ ವಿಮಾನ ಹತ್ತಿ ಬರುವುದೆಂದರೆ, ಈ ವ್ಯವಹಾರದಲ್ಲಿ ಯಾರ ಹೆಸರಿನಲ್ಲಿ ರಸೀದಿ ಹರಿಯಲಾಗುತ್ತಿದೆಯೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ಮಾಲು ತಲುಪುತ್ತದೆ ಎಂದಾಯಿತು.

ಡಿಸ್ನಿ ಕಂಪನಿಗೆ ಈ ವಿಜ್ಞಾನ ಗೊತ್ತಿಲ್ಲವೆಂದು ಯಾರೂ ಭಾವಿಸಬಾರದು. ಅಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಮೂರು ತುಂಬಿದ ದಿನದಿಂದ ಟಿಕೆಟ್. ಅಂದರೆ ನೆನಪಿನ ಶಕ್ತಿ ಮೊಳೆಯುವ ವಯಸ್ಸನ್ನು ಪ್ರಯೋಗಾಲಯಗಳು ಇನ್ನೂ ತಿಂಗಳುಗಳ ಲೆಕ್ಕದಲ್ಲಿ ಚರ್ಚಿಸುತ್ತಿರುವಾಗ ಟಿಕೆಟ್ ಕಿಟಕಿಯವರು ಅದನ್ನು ನಿಷ್ಕರ್ಷಿಸಿ, ದರಪಟ್ಟಿಯಲ್ಲಿ ಮುದ್ರಿಸಿಬಿಟ್ಟಿದ್ದಾರೆ. ನೆನಪಿಲ್ಲದವನಿಂದ ಹಣ ಪಡೆಯಬಾರದೆಂಬ ಈ ನೈತಿಕತೆ ಮೆಚ್ಚತಕ್ಕದ್ದೇ. ಆದರೆ ಅಜ್ಜ-ಅಜ್ಜಿಯರು ಇದನ್ನು ಬೇರೆ ರೀತಿಯಲ್ಲಿ ಓದಿಕೊಂಡಿದ್ದಾರೆ: ಮಗುವಿಗೆ ಎರಡು ವರ್ಷ ಹನ್ನೊಂದು ತಿಂಗಳಾದಾಗ, ಒಂದು ಟಿಕೆಟ್ ಉಳಿಸುವ ಸಲುವಾಗಿ, ಎಂಟು ಟಿಕೆಟ್ ಕೊಂಡು ಧಾವಿಸುತ್ತಾರೆ. ಇನ್ನೊಂದು ತುದಿಯಲ್ಲಿ, ಹತ್ತು ವರ್ಷ ತುಂಬಿದ ಮಗುವನ್ನು ಡಿಸ್ನಿ ವಯಸ್ಕನೆಂದು ಪರಿಗಣಿಸಿ ಪೂರ್ಣ ದರ ವಿಧಿಸುತ್ತದೆ. ಅಮೆರಿಕದ ಪ್ರಜೆಗೆ ಮತ ಹಾಕಲು ಹದಿನೆಂಟಾಗಬೇಕು, ಬಿಯರ್ ಕೊಳ್ಳಲು ಇಪ್ಪತ್ತೊಂದಾಗಬೇಕು, ಡಂಬೊ ಆನೆಯ ಮೇಲೆ ಕುಳಿತು ಗಿರಗಿರನೆ ಸುತ್ತಲು ಹತ್ತಕ್ಕೇ ಪ್ರೌಢಿಮೆ ಬಂದುಬಿಡುತ್ತದೆ. ಎಪ್ಪತ್ತು ದಾಟಿದ ಅಜ್ಜನಿಗಾದರೂ ಏನಾದರೂ ಕಡಿತ ಉಂಟೇ ಎಂದರೆ, ಇಲ್ಲ. ಹತ್ತರ ಬಳಿಕ ಎಲ್ಲರೂ ಒಂದೇ ವಯಸ್ಸಿನವರು.

ಈ ಅಜ್ಜನ ಮೋಹಕ್ಕೆ ಒಂದು ಇತಿಹಾಸವಿದೆ, ಅದನ್ನು ಸಹಾನುಭೂತಿಯಿಂದಲೇ ನೋಡಬೇಕು. ಮ್ಯಾಜಿಕ್ ಕಿಂಗ್‌ಡಮ್ ಎಂಬ ಡಿಸ್ನಿ ವರ್ಲ್ಡ್‌ನ ಮೊದಲ ಉದ್ಯಾನ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಆಗ ಹತ್ತು ವರ್ಷದ ಹುಡುಗನಾಗಿ ತಂದೆಯ ಕೈ ಹಿಡಿದು ಒಳಗೆ ಹೋದವನು ಈಗ ಅರುವತ್ತರ ಮಧ್ಯದಲ್ಲಿದ್ದಾನೆ, ಮೊಮ್ಮಕ್ಕಳನ್ನು ಕಂಡಿದ್ದಾನೆ. ಅವನ ತಂದೆ ಅಂದು ದ್ವಾರದಲ್ಲಿ ವಯಸ್ಕರ ಪ್ರವೇಶಕ್ಕೆ ಕೊಟ್ಟದ್ದು ಮೂರೂವರೆ ಡಾಲರ್, ಇಂದಿನ ಬೆಲೆಯಲ್ಲಿ ಹೇಳುವುದಾದರೆ ಸುಮಾರು 28 ಡಾಲರ್. ಇಂದು ಕ್ರಿಸ್‌ಮಸ್ ಹೊತ್ತಿನ ಜನದಟ್ಟಣೆಯಲ್ಲಿ ಅದೇ ದ್ವಾರದ ಒಂದು ದಿನದ ಟಿಕೆಟ್ಟು 180 ಡಾಲರ್ ದಾಟುತ್ತದೆ. ಅಂದು ಆಟಗಳಿಗೆ ಬೇರೆಯಾಗಿ 'ಎ'ಯಿಂದ 'ಇ'ವರೆಗಿನ ಚೀಟಿಗಳ ಪುಸ್ತಕ ಕೊಳ್ಳಬೇಕಿತ್ತು ಎಂಬುದು ನಿಜ. ಆಟಕ್ಕೊಂದು ಚೀಟಿ ಹರಿಯುವ ಆ ಕಿರಿಕಿರಿಯನ್ನು 1982ರಲ್ಲಿ ರದ್ದುಪಡಿಸಿ, ಒಂದೇ ಟಿಕೆಟ್ಟಿನಲ್ಲಿ ಎಲ್ಲ ಆಟ ಎಂದು ಸಾರಲಾಯಿತು. ಆಮೇಲೆ ಎಲ್ಲ ಆಟಗಳ ಮುಂದೆಯೂ ಸಾಲು ಬೆಳೆಯಿತು. ಸಾಲು ಬೆಳೆದ ಮೇಲೆ ಸಾಲನ್ನೇ ಮಾರಬಹುದೆಂಬ ಜ್ಞಾನೋದಯವಾಯಿತು.

1999ರಲ್ಲಿ ಬಂದ ಫಾಸ್ಟ್‌ಪಾಸ್ ಪುಕ್ಕಟೆಯದಾಗಿತ್ತು. ಸಾಲಿನಲ್ಲಿ ನಿಲ್ಲುವ ಬದಲು ಚೀಟಿ ಪಡೆದು, ಹೇಳಿದ ಹೊತ್ತಿಗೆ ಬಂದರೆ ಸಾಕಿತ್ತು. 2021ರಲ್ಲಿ ಅದನ್ನು ಕೈಬಿಟ್ಟು ಹಣ ಕೊಟ್ಟವರಿಗೆ ಮಾತ್ರ ಲೈಟ್ನಿಂಗ್ ಲೇನ್ ಎಂಬ ಬೇಗನೆ ಸಾಗುವ ಸಾಲನ್ನು ತೆರೆದರು. 2024ರಲ್ಲಿ ಪ್ರೀಮಿಯರ್ ಪಾಸ್ ಎಂಬುದನ್ನು ತಂದರು. ಒಬ್ಬರಿಗೆ, ಒಂದು ಉದ್ಯಾನಕ್ಕೆ, ಒಂದು ದಿನಕ್ಕೆ 449 ಡಾಲರ್‌ವರೆಗೆ, ಪ್ರವೇಶದ ಟಿಕೆಟ್ ಬೇರೆ. ತಿರುಪತಿಯ ಮುನ್ನೂರು ರೂಪಾಯಿಯ ವಿಶೇಷ ದರ್ಶನ ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಅಲ್ಲಿ ಮುನ್ನೂರು ಕೊಟ್ಟವನೂ ಗಂಟೆಗಟ್ಟಲೆ ನಿಲ್ಲುವುದರಿಂದ ಭಕ್ತರೊಳಗೆ ಒಂದು ಬಗೆಯ ಸಮಾನತೆ ಉಳಿದಿದೆ. ಇಲ್ಲಿ ಕೊಟ್ಟವನು ಕೊಡದವನ ಕಣ್ಣೆದುರಿಗೇ ನುಸುಳಿ ಹೋಗುವುದು ಸೇವೆಯ ಭಾಗ. ಮುಡಿ ಕೊಡುವ ವ್ಯವಸ್ಥೆ ಮಾತ್ರ ಎರಡೂ ಕಡೆ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನ ಕ್ಷೌರದಂಗಡಿಯಲ್ಲಿ ಮಗುವಿನ ಮೊಟ್ಟಮೊದಲ ಕೂದಲು ಕತ್ತರಿಸಿ, ಪ್ರಮಾಣಪತ್ರವನ್ನೂ ಕಿವಿಯ ಟೊಪ್ಪಿಗೆಯನ್ನೂ ಕೊಡುತ್ತಾರೆ. ನಮ್ಮಲ್ಲಿ ಚೌಲಕ್ಕೆ ಇನ್ನೂ ಪ್ರಮಾಣಪತ್ರದ ಪದ್ಧತಿ ಬಂದಿಲ್ಲ.

ಇಷ್ಟೆಲ್ಲ ಹಣ ತೆತ್ತು ಒಳಹೊಕ್ಕ ಅಜ್ಜನೂ ಮೊಮ್ಮಗುವೂ ಜೊತೆಯಾಗಿ ಏನು ಆಡಬಲ್ಲರು ಎಂಬುದು ಈ ಪ್ರವಾಸದ ಅತಿ ಸ್ವಾರಸ್ಯದ ಭಾಗ. ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರ್ ಹತ್ತಲು ಮಗು 44 ಅಂಗುಲ ಎತ್ತರವಿರಬೇಕು; ಟ್ರಾನ್‌ಗೆ 48 ಅಂಗುಲ; ಏಳು ಕುಳ್ಳರ ಗಣಿಗಾಡಿಗೆ ಸಹ 38 ಅಂಗುಲ ಬೇಕು. ಮೂರಕ್ಕಿಂತ ಕಿರಿಯ ಮಗು ಈ ಅಳತೆಗೋಲುಗಳ ಕೆಳಗೆ ತಲೆ ಬಗ್ಗಿಸದೆಯೇ ನಡೆದುಹೋಗುತ್ತದೆ. ಅದೇ ದ್ವಾರದ ಇನ್ನೊಂದು ಫಲಕದಲ್ಲಿ ಹೃದಯ, ಬೆನ್ನು ಅಥವಾ ಕತ್ತಿನ ತೊಂದರೆ ಇರುವವರು, ರಕ್ತದೊತ್ತಡ ಹೆಚ್ಚಿರುವವರು ದೂರವಿರಬೇಕೆಂದು ಬರೆದಿರುತ್ತದೆ. ಅದು ಹೆಸರೊಂದನ್ನು ಬಿಟ್ಟು ಅಜ್ಜನ ಸಂಪೂರ್ಣ ಪರಿಚಯ. ಹೀಗೆ ಹಣ ತೆತ್ತವರನ್ನೂ ಯಾರಿಗಾಗಿ ತೆತ್ತರೋ ಅವರನ್ನೂ ಏಕಕಾಲದಲ್ಲಿ ಹೊರಗೆ ನಿಲ್ಲಿಸಿ, ನಡುವಿನ ತಲೆಮಾರಿನ ಅಳಿಯನೊಬ್ಬ ಒಳಗೆ ಹೋಗಿ ಕಿರುಚಿ ಬರುತ್ತಾನೆ. ಅವನು ಮಾವನ ದುಡ್ಡಿನಲ್ಲಿ ಸುಖಪಟ್ಟದ್ದು ಇದೇ ಮೊದಲೇನಲ್ಲವಾದ್ದರಿಂದ ಯಾರೂ ಬೇಸರಿಸುವುದಿಲ್ಲ.

ಉಳಿದಿಬ್ಬರಿಗೆ ದಕ್ಕುವುದು ತಿರುಗುಣಿ ಕುದುರೆ, ಡಂಬೊ ಮತ್ತು 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಯುನಿಸೆಫ್ ಹೆಸರಿನಲ್ಲಿ ಹುಟ್ಟಿ, ಆಮೇಲೆ ಡಿಸ್ನಿಯ ಹಲವು ಉದ್ಯಾನಗಳಿಗೆ ಹಬ್ಬಿದ ಗೊಂಬೆಗಳ ದೋಣಿವಿಹಾರ. ಜಗತ್ತಿನ ನಾನಾ ದೇಶಗಳ ಮಕ್ಕಳ ಗೊಂಬೆಗಳು ಅಲ್ಲಿ ಒಂದೇ ಹಾಡನ್ನು ಸುಮಾರು ಹತ್ತು ನಿಮಿಷ ಬಿಡದೆ ಹಾಡುತ್ತವೆ. ದೋಣಿ ಮಂದಗತಿಯಲ್ಲಿ ಸಾಗುವುದರಿಂದಲೂ, ಒಳಗೆ ಹವಾನಿಯಂತ್ರಣ ಇರುವುದರಿಂದಲೂ, ಹಾಡಿನಲ್ಲಿ ಯಾವ ಅನಿರೀಕ್ಷಿತ ತಿರುವೂ ಬರುವುದಿಲ್ಲವಾದ್ದರಿಂದಲೂ, ಎರಡನೆಯ ಖಂಡ ದಾಟುವಷ್ಟರಲ್ಲಿ ಅಜ್ಜ ಮತ್ತು ಮೊಮ್ಮಗು ಇಬ್ಬರೂ ನಿದ್ರೆ ಹೋಗಿರುತ್ತಾರೆ. ಗಂಟೆಗೆ ಇಷ್ಟು ಡಾಲರ್ ಎಂದು ಲೆಕ್ಕ ಹಾಕಿದರೆ ಅಮೆರಿಕದಲ್ಲಿ ಇಷ್ಟು ದುಬಾರಿಯ ನಿದ್ರೆಯನ್ನು ಯಾವ ಆಸ್ಪತ್ರೆಯೂ ಒದಗಿಸುವುದಿಲ್ಲವೆಂದು ಹೇಳಹೊರಟಿದ್ದೆ. ಅಮೆರಿಕದ ಆಸ್ಪತ್ರೆಗಳ ಬಿಲ್ಲು ಜ್ಞಾಪಕಕ್ಕೆ ಬಂದು ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.

ಅಜ್ಜಿಯ ಕಾರ್ಯಕ್ಷೇತ್ರ ಬೇರೆ. ಮಿಕ್ಕಿಯೊಂದಿಗೆ ಕುಳಿತು ಉಪಾಹಾರ ಮಾಡುವ ಮೇಜನ್ನು 60 ದಿನ ಮುಂಚಿನಿಂದಲೇ ಕಾಯ್ದಿರಿಸಬಹುದಾದ್ದರಿಂದ, ಆಕೆ ನಸುಕಿನಲ್ಲೆದ್ದು ಮೊಬೈಲು ಹಿಡಿದು ಕುಳಿತಿರುತ್ತಾಳೆ. ಮಗುವಿನ ತಳ್ಳುಗಾಡಿ 31 ಅಂಗುಲ ಅಗಲ, 52 ಅಂಗುಲ ಉದ್ದ ಮೀರಬಾರದೆಂಬ 2019ರ ನಿಯಮವೂ, ತಂಪುಪೆಟ್ಟಿಗೆಯಲ್ಲಿ ಬಿಡಿ ಐಸ್ ತರಬಾರದೆಂಬ ಅದೇ ವರ್ಷದ ನಿಷೇಧವೂ ಆಕೆಗೆ ಕಂಠಪಾಠ. ಇಷ್ಟು ಸಿದ್ಧತೆಯ ನಂತರ, ನಿಗದಿತ ಮೇಜಿನಲ್ಲಿ ನಿಗದಿತ ಹೊತ್ತಿಗೆ ಕೂರಿಸಿದ ಮಗುವಿನ ಎದುರಿಗೆ ಆಳೆತ್ತರದ ಇಲಿಯೊಂದು ಬಿಳಿಯ ಕೈಗವಸು ಚಾಚಿಕೊಂಡು ಬಂದಾಗ, ಮಗುವು ತನ್ನ ವಯಸ್ಸಿನ ಯಾವುದೇ ವಿವೇಕಶಾಲಿ ಮಾಡುವುದನ್ನೇ ಮಾಡುತ್ತದೆ: ಜೀವ ಹೋದಂತೆ ಅರಚುತ್ತದೆ. 'ಹೆದರ್ಕೋಬೇಡ, ಮಿಕ್ಕಿ ಮಾಮ' ಎಂದು ಪರಿಚಯಿಸುವ ಸೌಕರ್ಯ ಅವರ ಭಾಷೆಯಲ್ಲಿಲ್ಲ. ಇಡೀ ವಾರದಲ್ಲಿ ಮಗುವಿಗೆ ನಿಜವಾಗಿ ಹಿಡಿಸುವುದು ಹೋಟೆಲಿನ ಈಜುಕೊಳ, ಪಾರ್ಕಿಗೆ ಒಯ್ಯುವ ಬಸ್ಸು ಮತ್ತು ಮೋನೊರೈಲು. ಬಸ್ಸಿಗೂ ಮೋನೊರೈಲಿಗೂ ದುಡ್ಡಿಲ್ಲ. ಕಂಪನಿಯ ಗಮನಕ್ಕೆ ಇದು ಬಾರದಿರಲಿ.

ಇದರೊಳಗೆ ಬೀಗರ ಪ್ರಶ್ನೆಯೂ ಇದೆ. ಮೊದಲ ಸಲ ಬಂದವರಿಗೆ ಡಿಸ್ನಿಯವರು 'ಮೊದಲ ಭೇಟಿ' ಎಂಬ ಬಿಲ್ಲೆಯೊಂದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಒಂದು ಮಗುವಿಗೆ ಮೊದಲ ಭೇಟಿ ಒಂದೇ, ಅಜ್ಜ-ಅಜ್ಜಿಯರ ಜೋಡಿಗಳು ಎರಡು. ಪುನರ್ವಿವಾಹ ಸಾಮಾನ್ಯವಾಗಿರುವ ಆ ದೇಶದಲ್ಲಿ ಕೆಲವೊಮ್ಮೆ ನಾಲ್ಕು. ಆದ್ದರಿಂದ ಮಗು ಮಗುಚಿಕೊಳ್ಳುವ ಮೊದಲೇ ಕರೆದೊಯ್ದುಬಿಟ್ಟ ಬೀಗರ ಮುಂದೆ ಉಳಿದವರು ಏನು ಮಾಡಿಯಾರು? ಬಾಲೆಯನ್ನು ರಾಜಕುಮಾರಿಯಾಗಿ ಸಿಂಗರಿಸುವ ಬಿಬಿಡಿ ಬಾಬಿಡಿ ಬುಟೀಕ್‌ಗೆ ಮೂರು ವರ್ಷ ತುಂಬಿದೊಡನೆ ಕರೆದೊಯ್ದು ನೂರು ಡಾಲರಿನ ಆಸುಪಾಸಿನಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ. ಮಗು ಅತ್ತಿತೇ ನಕ್ಕಿತೇ ಎಂಬುದರ ಸಾಕ್ಷಿಯನ್ನು ಮೆಮೊರಿ ಮೇಕರ್ ಎಂಬ ಹೆಸರಿನಲ್ಲಿ ಕಂಪನಿಯೇ ಮಾರುತ್ತದೆ. ಉದ್ಯಾನದ ಛಾಯಾಗ್ರಾಹಕರು ತೆಗೆದ ಚಿತ್ರಗಳೆಲ್ಲ ಅದರಲ್ಲಿ ಸೇರಿರುತ್ತವೆ, ಅಳುವವು ಸಹ. ಮಗುವಿನ ಮಿದುಳು ಶೇಖರಿಸಲೊಲ್ಲದ್ದನ್ನು ಡಿಸ್ನಿಯ ಸರ್ವರ್ ಶೇಖರಿಸುತ್ತದೆ. ಮುಂದೊಂದು ದಿನ ಆ ಚಿತ್ರ ನೋಡಿ 'ನನಗೆ ನೆನಪಿದೆ' ಎಂದು ಹುಡುಗ ಹೇಳಿದರೆ, ಅದು ಚಿತ್ರದ ನೆನಪೇ ಹೊರತು ಪ್ರವಾಸದ್ದಲ್ಲ ಎಂದು ಎತ್ತಿ ತೋರಿಸುವ ಕಟುಕರು ಯಾರಿದ್ದಾರೆ?

ಸಂದರ್ಶಕ ವೀಸಾದಲ್ಲಿ ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಹೋಗುವ ನಮ್ಮ ಹಿರಿಯರು ಕೂಡ ಈ ಕರ್ತವ್ಯದಿಂದ ಪಾರಾಗಿಲ್ಲ. ಮೊಮ್ಮಗುವಿಗೆ ತಮ್ಮದೂ ಒಂದು ಇರಲೆಂದು ಪಿಂಚಣಿಯ ಹಣದಲ್ಲಿ ಕಿವಿಯ ಟೊಪ್ಪಿಗೆ ಕೊಡಿಸಹೊರಟ ನಿವೃತ್ತ ಮೇಷ್ಟ್ರು ಬೆಲೆಯ ಚೀಟಿ ತಿರುಗಿಸಿ, ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಅಷ್ಟು ಹಣಕ್ಕೆ ಊರಿನಲ್ಲಿ ಒಂದು ತಿಂಗಳ ದಿನಸಿ ಬರುತ್ತದೆಂದು ಕಂಡುಕೊಂಡು, ಸೊಸೆಯ ಮುಂದೆ ನಗುತ್ತಲೇ ಹಣ ಕೊಡುವ ದೃಶ್ಯದಲ್ಲಿ ಯಾವ ಡಿಸ್ನಿ ನಟನಿಗೂ ಸಿದ್ಧಿಸದ ಅಭಿನಯವಿರುತ್ತದೆ. ಇತ್ತ ಬಿಡದಿಯ ವಂಡರ್‌ಲಾದಲ್ಲಿ ವಯಸ್ಸಿನ ಬದಲು ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರಿನೊಳಗಿದ್ದರೆ ಪ್ರವೇಶ ಉಚಿತ. ಎತ್ತರ ಬೆಳೆಯಲಿ ಎಂದು ವರ್ಷವಿಡೀ ಹಾಲಿಗೆ ಪುಡಿ ಬೆರೆಸಿ ಕುಡಿಸಿದ ಅಜ್ಜಿಯೇ ಇಂಥ ಅಳತೆಗೋಲಿನ ಮುಂದೆ 'ಒಂಚೂರು ಬಗ್ಗು ಪುಟ್ಟಾ' ಎಂದು ಪಿಸುಗುಟ್ಟುತ್ತಾಳೆ. ಅದೇ ಅಜ್ಜಿ ನೀರಾಟಕ್ಕೆ ಇಳಿಯಬೇಕೆಂದರೆ ಸೀರೆ ಬಿಟ್ಟು ನೈಲಾನ್ ಉಡುಪು ತೊಡಬೇಕೆಂಬುದು ನಿಯಮ. ಸರ್ಕಾರವೂ ಇಂಥ ಉದ್ಯಾನಗಳನ್ನು 2017ರಲ್ಲಿ ಕ್ಯಾಸಿನೊ ಮತ್ತು ಕುದುರೆ ಪಂದ್ಯದ ಪಂಕ್ತಿಯಲ್ಲಿ ಕೂರಿಸಿ ಶೇ 28ರ ಜಿಎಸ್‌ಟಿ ವಿಧಿಸಿತ್ತು. ಮೊಮ್ಮಕ್ಕಳ ಮೇಲೆ ಹೂಡುವ ಹಣವೂ ಒಂದು ಬಗೆಯ ಜೂಜೇ ಎಂದು ಅಧಿಕಾರಿಗಳು ಭಾವಿಸಿರಬಹುದು. 2018ರ ಜನವರಿಯಲ್ಲಿ ಮನಸ್ಸು ಬದಲಿಸಿ ಶೇ 18ಕ್ಕೆ ಇಳಿಸಿದರು.

ಒರ್ಲ್ಯಾಂಡೊದ ಪ್ರಯಾಣ ಒಂದು ಸಲಕ್ಕೆ ಮುಗಿಯುವುದೂ ಇಲ್ಲ, ಏಕೆಂದರೆ ಮಗಳಿಗೆ ಎರಡನೆಯ ಮಗು ಹುಟ್ಟುತ್ತದೆ, ಹಿರಿಯರಾದವರು ಮೊಮ್ಮಕ್ಕಳಲ್ಲಿ ಭೇದ ಮಾಡುವಂತಿಲ್ಲ. ಈಗ ಮೊದಲನೆಯದಕ್ಕೆ ಹತ್ತು ತುಂಬಿ ವಯಸ್ಕನಾಗುವ ಮೊದಲು, ಎರಡನೆಯದಕ್ಕೆ ಮೂರು ತುಂಬಿ ಟಿಕೆಟ್ಟಿಗೆ ಅರ್ಹವಾಗುವ ಮೊದಲು, ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲವನ್ನೂ ಬೀಗರು ಆಗಲೇ ಹಿಡಿದಿಟ್ಟ ಕ್ರಿಸ್‌ಮಸ್ ವಾರವನ್ನೂ ಬಿಟ್ಟು ಒಂದು ವಾರವನ್ನು ಹುಡುಕಬೇಕಾಗಿದೆ. ಲೆಕ್ಕ ಹಾಕಿದರೆ ಉಳಿಯುವುದು ಫೆಬ್ರುವರಿಯ ಎರಡನೆಯ ವಾರ ಒಂದೇ. ಅಜ್ಜನ ಎಡ ಮಂಡಿಚಿಪ್ಪು ಬದಲಿಸುವ ಶಸ್ತ್ರಚಿಕಿತ್ಸೆಗೆ ವೈದ್ಯರು ಜನವರಿಯ ದಿನಾಂಕ ಕೊಟ್ಟಿದ್ದರು. ಅಜ್ಜಿ ಆಸ್ಪತ್ರೆಗೆ ಫೋನು ಮಾಡಿ, ಫೆಬ್ರುವರಿಯಲ್ಲಿ ಮೆರವಣಿಗೆ ನೋಡಲು ಬಿಸಿಲಿನಲ್ಲಿ ನಿಲ್ಲುವುದಿದೆ, ಮಂಡಿಯನ್ನು ಸೆಪ್ಟೆಂಬರಿನಲ್ಲೇ ಮುಗಿಸಿಕೊಡಿ ಎಂದು ಕೇಳಿದ್ದಾಳೆ. ಸೆಪ್ಟೆಂಬರಿನಲ್ಲಿ ಆಗದು, ತಾವೇ ಮೊಮ್ಮಗನೊಂದಿಗೆ ಒರ್ಲ್ಯಾಂಡೊದಲ್ಲಿರುತ್ತೇವೆ ಎಂದು ವೈದ್ಯರಿಂದ ಉತ್ತರ ಬಂದಿದೆ.