ಹಂಗಾಮಿಗಳ ಹಂಗಾಮು

2025ರ ಆಗಸ್ಟ್ 1, ಶುಕ್ರವಾರ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ತನ್ನ ತಿಂಗಳ ಲೆಕ್ಕ ಹೊರಗಿಟ್ಟಿತು. ಜುಲೈನಲ್ಲಿ ಹೊಸದಾಗಿ ಹುಟ್ಟಿದ ಉದ್ಯೋಗ 73 ಸಾವಿರ. ಮೇ, ಜೂನ್ ತಿಂಗಳ ಹಳೇ ಲೆಕ್ಕದಲ್ಲಿ 2,58,000 ಕಡಿತ. ಕಂಪನಿಗಳ ಉತ್ತರ ತಡವಾಗಿ ಬರುತ್ತದೆ, ಬಂದಮೇಲೆ ಲೆಕ್ಕ ತಿದ್ದುತ್ತಾರೆ. ದಶಕಗಳಿಂದ ನಡೆದುಬಂದ ಮಾಮೂಲಿ ಪದ್ಧತಿ ಇದು. ಅವತ್ತೇ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇಲಾಖೆಯ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನು ಮನೆಗೆ ಕಳಿಸಿದರು. ಅಂಕಿಯನ್ನು ಬೇಕಂತಲೇ ತಿರುಚಿದ್ದಾರೆ ಅನ್ನೋದು ಕಾರಣ. ಪುರಾವೆ ಎಲ್ಲಿ ಅಂದ್ರಾ? ಅಷ್ಟೊಂದು ಅವಸರ ಯಾಕೆ, ಬರುತ್ತೆ ಬಿಡಿ.

ಮಗನಿಗೆ ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂತೆಂದು ಮೇಷ್ಟ್ರನ್ನೇ ಎತ್ತಂಗಡಿ ಮಾಡಿಸುವ ಗೌಡರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆ ಗೌಡರಿಗೂ ಒಂದು ಬುದ್ಧಿ ಇರುತ್ತದೆ. ತಾವು ಹೇಳಿದಷ್ಟು ಮಾರ್ಕ್ಸ್ ಹಾಕುವ ಇನ್ನೊಬ್ಬ ಮೇಷ್ಟ್ರನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ವಾಷಿಂಗ್ಟನ್‌ನಲ್ಲಿ ಅಷ್ಟೂ ಆಗಲಿಲ್ಲ. ಅದೇ ಕಚೇರಿಯ ಹಳಬರೊಬ್ಬರು ಹಂಗಾಮಿಯಾಗಿ ಕೂತರು. ಸೆಪ್ಟೆಂಬರ್ 5ಕ್ಕೆ ಮುಂದಿನ ಲೆಕ್ಕ ಬಂತು. ಆಗಸ್ಟ್‌ನಲ್ಲಿ ಹುಟ್ಟಿದ ಉದ್ಯೋಗ ಬರೀ 22 ಸಾವಿರ. ಜೂನ್ ತಿಂಗಳನ್ನು ಮತ್ತೆ ತಿದ್ದಿದರೆ ಸೊನ್ನೆಗಿಂತ ಕೆಳಗೆ, ಮೈನಸ್ 13 ಸಾವಿರ! ಕಾಯಂ ಮುಖ್ಯಸ್ಥರಾಗಲಿ ಎಂದು ಟ್ರಂಪ್ ಹೆಸರಿಸಿದ್ದ ಇ.ಜೆ. ಆಂಟೊನಿ ಅವರ ಹೆಸರನ್ನು ಸೆಪ್ಟೆಂಬರ್ ಕೊನೆಗೆ ವಾಪಸ್ ಪಡೆದರು. ಕೆಲಸ ಕಳೆದುಕೊಂಡ ಮೆಕ್‌ಎಂಟಾರ್ಫರ್ ಅವರನ್ನು 2024ರಲ್ಲಿ ಸೆನೆಟ್ 86–8 ಮತಗಳಿಂದ ಒಪ್ಪಿಕೊಂಡಿತ್ತು. ಆ 86ರಲ್ಲಿ ಈಗಿನ ಉಪಾಧ್ಯಕ್ಷ ಜೆ.ಡಿ. ವಾನ್ಸ್ ಅವರದ್ದೂ ಒಂದು.

ತೆಗೆಯುವ ಕೆಲಸದಲ್ಲಿ ಟ್ರಂಪ್‌ಗೆ ಸರಿಸಾಟಿ ಇಲ್ಲ, ಒಪ್ಪೋಣ. 2004ರಲ್ಲಿ ಶುರುವಾದ ಟಿವಿ ಶೋನಲ್ಲಿ ಮೇಜಿನಾಚೆ ಕೂತು, ಕೈ ಮುಂದೆ ಮಾಡಿ, ನಿನ್ನ ಕೆಲಸ ಹೋಯ್ತು ಅಂತ ಹೇಳಿಯೇ ಮನೆಮಾತಾದವರು ಅವರು. ಆ ಶೋನಲ್ಲಿ ಒಂದು ಅನುಕೂಲ ಇತ್ತು. ಹೊರಗೆ ಹೋದವರ ಜಾಗಕ್ಕೆ ಯಾರನ್ನೂ ತರಬೇಕಿರಲಿಲ್ಲ. ಕೊನೆಗೆ ಒಬ್ಬ ಉಳಿದರೆ ಸಾಕು, ಸೀಸನ್ ಮುಗಿಯುತ್ತಿತ್ತು. ಸರ್ಕಾರವನ್ನೂ ಅದೇ ನಿಯಮದ ಮೇಲೆ ನಡೆಸುತ್ತಿದ್ದಾರೆ ಅನ್ನಿಸುತ್ತದೆ. ಕೊನೆಗೆ ಉಳಿದ ಆ ಒಬ್ಬನ ಹೆಸರು ಮಾರ್ಕೊ ರೂಬಿಯೊ.

2025ರ ಮೇ ಹೊತ್ತಿಗೆ ಈ ಪುಣ್ಯಾತ್ಮ ವಿದೇಶಾಂಗ ಸಚಿವರು. ಅದರ ಜೊತೆಗೆ ಹಂಗಾಮಿ ರಾಷ್ಟ್ರೀಯ ಭದ್ರತಾ ಸಲಹೆಗಾರರು. ವಿದೇಶಕ್ಕೆ ನೆರವು ಕೊಡುವ ಯುಎಸ್‌ಏಡ್ ಸಂಸ್ಥೆಗೂ ಹಂಗಾಮಿ ಮುಖ್ಯಸ್ಥರು. ಆ ಸಂಸ್ಥೆಯನ್ನು ಸರ್ಕಾರವೇ ಮುಚ್ಚುತ್ತಿತ್ತು, ಹಾಗಾಗಿ ಅಲ್ಲಿ ಕೆಲಸ ಸ್ವಲ್ಪ ಹಗುರ ಅನ್ನಬಹುದು. ನಾಲ್ಕನೆಯದಾಗಿ ರಾಷ್ಟ್ರೀಯ ಪತ್ರಾಗಾರದ ಹಂಗಾಮಿ ಅಧಿಕಾರಿ. ಅಂದರೆ ಬೆಳಿಗ್ಗೆ ಯುಕ್ರೇನ್, ಮಧ್ಯಾಹ್ನ ಗಾಜಾ, ಸಂಜೆ ಬಿಡುವಾದರೆ ಸಂವಿಧಾನದ ಮೂಲ ಪ್ರತಿಗೆ ಹುಳ ಹಿಡಿದಿದೆಯೇ ಎಂದು ನೋಡಿಕೊಂಡು ಬರಬೇಕು. ಹಿಂದೆ ಹೆನ್ರಿ ಕಿಸಿಂಜರ್ ಕೂಡ ಮೊದಲ ಎರಡು ಕುರ್ಚಿಯಲ್ಲಿ ಒಟ್ಟಿಗೆ ಕೂತಿದ್ದರು. ಆದರೆ ಕಡತಗಳ ಕೋಣೆಯ ಬೀಗದ ಕೈ ಅವರಿಗೆ ಸಿಕ್ಕಿರಲಿಲ್ಲ.

ರೂಬಿಯೊ ಕಥೆಗೆ ಜನ ನಕ್ಕರು, ಮೀಮ್ ಮಾಡಿದರು, ಮುಂದೆ ಹೋದರು. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೊಂದು ಕಚೇರಿಯ ಕಥೆ. ಕೇಂದ್ರ ಸರ್ಕಾರದ ನೌಕರರನ್ನು ಅನ್ಯಾಯವಾಗಿ ತೆಗೆದರೆ ಅವರ ದೂರು ಕೇಳುವುದಕ್ಕೆಂದೇ ಅಮೆರಿಕದಲ್ಲಿ ಒಂದು ವಿಶೇಷ ಕಚೇರಿ ಇದೆ. ಆಗ ಅದರ ಮುಖ್ಯಸ್ಥರಾಗಿದ್ದವರು ಹ್ಯಾಂಪ್ಟನ್ ಡೆಲಿಂಜರ್. ಫೆಬ್ರವರಿ 2025ರಲ್ಲಿ ಸಾಮೂಹಿಕ ವಜಾ ಜೋರಾಗುವ ಹೊತ್ತಿಗೆ ಸರಿಯಾಗಿ ಅವರನ್ನೇ ವಜಾ ಮಾಡಿದರು. ಅವರು ಕೋರ್ಟಿಗೆ ಹೋಗಿ ಕುರ್ಚಿಗೆ ವಾಪಸ್ ಬಂದರು. ಬಂದವರು ಸುಮ್ನೆ ಕೂರದೆ ಬೇರೆ ನೌಕರರ ವಜಾಗಳನ್ನು ಪ್ರಶ್ನಿಸಿದರು. ಮಾರ್ಚ್‌ನಲ್ಲಿ ಮೇಲಿನ ಕೋರ್ಟು ಅವರನ್ನು ಮತ್ತೆ ಹೊರಗೆ ಕಳಿಸಿತು. ಆಮೇಲೆ ಆ ಕಚೇರಿಯ ಹೆಚ್ಚುವರಿ ಹೊಣೆ ಯಾರಿಗೆ ಹೋಯಿತು ಗೊತ್ತಾ? ಮೊದಲು ಮಾಜಿ ಸೈನಿಕರ ಖಾತೆಯ ಸಚಿವರಿಗೆ. ನಂತರ ವ್ಯಾಪಾರ ಪ್ರತಿನಿಧಿ ಜೇಮೀಸನ್ ಗ್ರೀರ್ ಅವರಿಗೆ. ಇಡೀ ಜಗತ್ತಿಗೆ ಸುಂಕ ಹಾಕುವ ಲೆಕ್ಕದಲ್ಲಿ ಮುಳುಗಿದ್ದ ಮನುಷ್ಯ ಅವರು. ಸರ್ಕಾರಿ ನೀತಿಸಂಹಿತೆ ಕಚೇರಿಯನ್ನೂ ಅವರ ತಲೆಗೇ ಕಟ್ಟಿದರು. ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬ ದೂರು ಹಿಡಿದು ಬಂದರೆ, ಚೀನಾದ ಸುಂಕ ಮುಗಿಸಿ ಬರುತ್ತೇನೆ, ಸ್ವಲ್ಪ ಕೂತಿರಪ್ಪಾ ಅನ್ನಬೇಕು, ಅಷ್ಟೆ.

ತೆರಿಗೆ ಇಲಾಖೆ ಐಆರ್‌ಎಸ್‌ನ ಕಥೆ ಹೇಳಲು ಒಂದು ಉಸಿರು ಸಾಲದು. ಟ್ರಂಪ್ ಪ್ರಮಾಣವಚನದ ದಿನ ಹಳೇ ಕಮಿಷನರ್ ಎದ್ದುಹೋದರು. ಆಗಸ್ಟ್ ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಆರು ಮಂದಿ ಕೂತರು. ಏಪ್ರಿಲ್‌ನಲ್ಲಿ ಗ್ಯಾರಿ ಶೇಪ್ಲಿ ಎಂಬವರು ಬಂದರು. ಸರ್ಕಾರಿ ಖರ್ಚು ಕಡಿತದ ಹೊಣೆ ಹೊತ್ತಿದ್ದ ಇಲಾನ್ ಮಸ್ಕ್, ತಮ್ಮನ್ನು ಕೇಳದೆ ಶೇಪ್ಲಿಯನ್ನು ಕೂರಿಸಿದ್ದಾರೆ ಎಂದು ಹಣಕಾಸು ಸಚಿವ ಸ್ಕಾಟ್ ಬೆಸೆಂಟ್ ಸಿಟ್ಟಾದರು ಎಂದು ವರದಿಯಾಯಿತು. ಶೇಪ್ಲಿ ಕೆಲವೇ ದಿನದಲ್ಲಿ ಎದ್ದರು. ಜೂನ್‌ನಲ್ಲಿ ಸೆನೆಟ್ ಒಪ್ಪಿಗೆ ಪಡೆದು ಬಿಲ್ಲಿ ಲಾಂಗ್ ಬಂದರು. ರಾಜಕೀಯಕ್ಕೆ ಬರುವ ಮುನ್ನ ಅವರು ಹರಾಜು ಕೂಗುತ್ತಿದ್ದರು. ಕುರ್ಚಿಯ ಹರಾಜಿನಲ್ಲಿ ಅವರ ಅನುಭವ ಉಪಯೋಗಕ್ಕೆ ಬರಬೇಕಿತ್ತು. ಪಾಪ, ಎರಡು ತಿಂಗಳೂ ತುಂಬುವ ಮೊದಲೇ ಒಂದು ಸಲ, ಎರಡು ಸಲ, ಮೂರು ಸಲ! ಐಸ್‌ಲ್ಯಾಂಡ್ ರಾಯಭಾರಿ ಹುದ್ದೆಗೆ ಹೆಸರು ಹೋಯಿತು. ಆಮೇಲೆ ಅಲ್ಲಿ ಕೂತವರು ಖುದ್ದು ಬೆಸೆಂಟ್. ಅಕ್ಟೋಬರ್‌ನಲ್ಲಿ ಐಆರ್‌ಎಸ್‌ಗೆ ಸಿಇಒ ಅಂತ ಒಂದು ಹೊಸ ಹುದ್ದೆಯನ್ನೇ ಹುಟ್ಟಿಸಿದರು. ಅದನ್ನು ಕೊಟ್ಟದ್ದು, ಆಗಲೇ ಸಾಮಾಜಿಕ ಭದ್ರತೆ ಇಲಾಖೆ ನಡೆಸುತ್ತಿದ್ದ ಫ್ರಾಂಕ್ ಬಿಸಿನ್ಯಾನೊ ಅವರಿಗೆ. ಮೂವತ್ತನಾಲ್ಕು ಕೋಟಿ ಜನರ ದೇಶದಲ್ಲಿ ಆಳು ಸಿಗೋದು ಎಷ್ಟು ಕಷ್ಟ ನೋಡಿ.

ಇವೆಲ್ಲ ದೊಡ್ಡವರ ಸಂಗತಿ. ಸಣ್ಣವರ ಕಡೆ ಬನ್ನಿ. ಫೆಬ್ರವರಿ 13ರಂದು ದೇಶದ ಅಣ್ವಸ್ತ್ರಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಪರಮಾಣು ಭದ್ರತಾ ಆಡಳಿತದ ನೌಕರರಿಗೆ ವಜಾ ಪತ್ರ ಹೋಯಿತು. 300ಕ್ಕೂ ಜಾಸ್ತಿ ಜನ ಎಂದು ಪತ್ರಿಕೆಗಳು ಬರೆದವು. 50 ಕೂಡ ಇಲ್ಲ ಎಂದಿತು ಇಂಧನ ಇಲಾಖೆ. ಎಷ್ಟು ಜನರನ್ನು ತೆಗೆದೆವು ಅನ್ನೋದರಲ್ಲೇ ಒಮ್ಮತ ಇಲ್ಲ. ಮಾರನೇ ದಿನ ಯಾರಿಗೋ ಬಾಂಬ್ ನೆನಪಾಯಿತು. ವಾಪಸ್ ಕರೆಯಿರಿ ಎಂದು ಆದೇಶ ಬಂತು. ಕರೆಯೋದು ಹೇಗೆ? ವಜಾ ಮಾಡಿದ ಕೂಡಲೇ ಅವರ ಸರ್ಕಾರಿ ಇಮೇಲ್ ಬಂದ್ ಆಗಿತ್ತು. ಮನೆ ನಂಬರು ಕಚೇರಿಯಲ್ಲಿ ಇರಲಿಲ್ಲ. ಈ ಜನರ ಸ್ವಂತ ಇಮೇಲ್ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ ಎಂದು ಉಳಿದ ಸಿಬ್ಬಂದಿಯನ್ನು ಬೇಡಿಕೊಳ್ಳಬೇಕಾಯಿತು. ಜಗತ್ತಿನ ಮೂಲೆಮೂಲೆಯ ಅಣುಬಾಂಬಿನ ಮೇಲೆ ಕಣ್ಣಿಟ್ಟ ದೇಶಕ್ಕೆ ತನ್ನದೇ ಬಾಂಬು ಕಾಯುವವರ ವಾಟ್ಸಾಪ್ ನಂಬರ್ ಸಿಗಲಿಲ್ಲ.

ಒಂದು ವಾರದ ನಂತರ, ಶನಿವಾರ, ಎಲ್ಲ ಕೇಂದ್ರ ನೌಕರರಿಗೂ ಒಂದು ಇಮೇಲ್. ಕಳೆದ ವಾರ ಏನು ಕೆಲಸ ಮಾಡಿದಿರಿ, ಐದು ಸಾಲಿನಲ್ಲಿ ಬರೆಯಿರಿ, ಸೋಮವಾರ ರಾತ್ರಿ 11:59ರೊಳಗೆ. ಉತ್ತರಿಸದಿದ್ದರೆ ರಾಜೀನಾಮೆ ಎಂದು ತಿಳಿಯುತ್ತೇವೆ ಎಂದು ಮಸ್ಕ್ ಎಕ್ಸ್‌ನಲ್ಲಿ ಸೇರಿಸಿದರು. ಸದ್ಯಕ್ಕೆ ಉತ್ತರ ಕೊಡಬೇಡಿ ಎಂದು ಟ್ರಂಪ್ ನೇಮಿಸಿದ ಎಫ್‌ಬಿಐ ನಿರ್ದೇಶಕ ಕಾಶ್ ಪಟೇಲ್ ಅವರೇ ತಮ್ಮ ಸಿಬ್ಬಂದಿಗೆ ಹೇಳಿದರು. ಹಾಗಾದರೆ ಕೊಟ್ಟವನಿಗೆ ಕೆಲಸ ಇದೆಯೋ, ಕೊಡದವನಿಗೋ? ಅದು ಗೊತ್ತಾಗುವಷ್ಟರಲ್ಲಿ ಮಸ್ಕ್ ಅವರೇ ಮೇ ಕೊನೆಗೆ ಗಂಟುಮೂಟೆ ಕಟ್ಟಿದರು. ಕೊನೇ ವಾರ ಏನು ಮಾಡಿದಿರಿ ಎಂದು ಅವರನ್ನು ಯಾರೂ ಕೇಳಿದಂತಿಲ್ಲ.

ಅದೇ ಮೇ ತಿಂಗಳಲ್ಲಿ ಹೊಸ ನೇಮಕಾತಿಗೆ ಹೊಸ ನಿಯಮ ಬಂತು. ಅಭ್ಯರ್ಥಿಗಳು 200 ಪದ ಮೀರದಂತೆ ನಾಲ್ಕು ಪ್ರಬಂಧ ಬರೆಯಬೇಕಿತ್ತು. ಅದರಲ್ಲಿ ಒಂದು ಪ್ರಶ್ನೆ ಹೀಗೆ: ಅಧ್ಯಕ್ಷರ ಆದೇಶಗಳನ್ನು ಜಾರಿಗೆ ತರಲು ನೀವು ಹೇಗೆ ನೆರವಾಗುತ್ತೀರಿ? ನಿಮ್ಮ ಮನಸ್ಸಿಗೆ ಹತ್ತಿರವಾದ ಒಂದೆರಡನ್ನು ಹೆಸರಿಸಿ. ಕಾಡು ಕಾಯುವ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗ ಇದಕ್ಕೆ ಏನು ಬರೆಯಬೇಕು? ಬಾತ್‌ರೂಮ್ ಶವರ್‌ನಿಂದ ನೀರು ಜೋರಾಗಿ ಬರಲಿ ಎಂಬ ಆದೇಶ ಓದಿ ಕಣ್ಣು ತುಂಬಿ ಬಂತು ಅನ್ನಬಹುದು. ಅಂಥದ್ದೊಂದು ಆದೇಶ ನಿಜಕ್ಕೂ ಇದೆ, ಏಪ್ರಿಲ್ 2025ರದ್ದು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಗೆದ್ದು ಬಂದವನಿಗೆ ತನ್ನ ಜನ ಬೇಕು ಅನ್ನೋ ವಾದದಲ್ಲಿ ಹುರುಳಿದೆ. ಟ್ರಂಪ್ ಬೆಂಬಲಿಗರು ಹೇಳುವುದೂ ಇದನ್ನೇ. ಅಮೆರಿಕದಲ್ಲಿ ಈ ಜಗಳ ಹೊಸದೂ ಅಲ್ಲ. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಯುದ್ಧ ಸಚಿವ ಎಡ್ವಿನ್ ಸ್ಟಾಂಟನ್ ಅವರನ್ನು ತೆಗೆದರು. ಸ್ಟಾಂಟನ್ ಕಚೇರಿಯಿಂದ ಕದಲಲೇ ಇಲ್ಲ. ಒಳಗೇ ಠಿಕಾಣಿ ಹೂಡಿದರು. ಅವರ ಜಾಗಕ್ಕೆ ನೇಮಕವಾದ ಲೊರೆಂಜೊ ಥಾಮಸ್ ಅವರನ್ನು ಮಾರನೇ ಬೆಳಿಗ್ಗೆ ತಿಂಡಿಗೂ ಮೊದಲೇ ಪೊಲೀಸರು ಹಿಡಿದರು. ಜಾಮೀನು ಪಡೆದು ಥಾಮಸ್ ಸೀದಾ ಸ್ಟಾಂಟನ್ ಕಚೇರಿಗೆ ಹೋದರು. ಒಬ್ಬ ಬಿಡು ಎಂದ, ಇನ್ನೊಬ್ಬ ಬಿಡಲ್ಲ ಎಂದ. ಕೊನೆಗೆ ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದು ಥಾಮಸ್ ಗೊಣಗಿದಾಗ ಇಬ್ಬರೂ ಕೂತು ವಿಸ್ಕಿ ಹಂಚಿಕೊಂಡರು. ಜಾನ್ಸನ್ ಮೇಲೆ ಮಹಾಭಿಯೋಗ ನಡೆದು, ಅವರು ಬಚಾವಾದದ್ದು ಒಂದೇ ಒಂದು ಮತದಿಂದ. ಈಗ ಆ ವಿಸ್ಕಿಯೂ ಇಲ್ಲ. ರಾತ್ರಿ ಎರಡು ಸಾಲಿನ ಇಮೇಲ್ ಬರುತ್ತದೆ, ಅಷ್ಟೆ. 2025ರ ಜನವರಿ 24ರ ರಾತ್ರಿ ಸರ್ಕಾರಿ ಇಲಾಖೆಗಳ ಅಕ್ರಮ ತನಿಖೆ ಮಾಡುವ ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳಿಗೆ ಬಂದದ್ದು ಅದೇ. ಸಂಸತ್ತಿಗೆ 30 ದಿನ ಮೊದಲೇ ಕಾರಣ ತಿಳಿಸಬೇಕು ಎಂದು ಕಾನೂನಿನಲ್ಲಿ ಬರೆದಿತ್ತು.

ಸರಿ, ತನ್ನವರನ್ನು ಕೂರಿಸುವ ಹಕ್ಕು ಇದೆ ಅಂತಲೇ ಇಟ್ಟುಕೊಳ್ಳೋಣ. ಹಾಗೆ ಕೂರಿಸೋದಾದರೂ ಬರಬೇಕಲ್ವಾ?

ನ್ಯೂಜೆರ್ಸಿಯ ಫೆಡರಲ್ ಪ್ರಾಸಿಕ್ಯೂಟರ್ ಹುದ್ದೆಗೆ ಟ್ರಂಪ್ ತಮ್ಮ ಸ್ವಂತ ವಕೀಲೆ ಅಲಿನಾ ಹಬ್ಬಾ ಅವರನ್ನು ತಂದರು. ಮಧ್ಯಂತರ ಹುದ್ದೆಗೆ 120 ದಿನದ ಮಿತಿ. ಜುಲೈನಲ್ಲಿ ಅದು ಮುಗಿಯುವ ಹೊತ್ತಿಗೆ ಅಲ್ಲಿನ ಜಡ್ಜ್‌ಗಳು ಕಾನೂನಿನಂತೆ ಅವರ ಸಹಾಯಕಿ ಡಿಸೈರಿ ಗ್ರೇಸ್ ಅವರನ್ನು ಆರಿಸಿದರು. ಅದೇ ದಿನ ಗ್ರೇಸ್ ವಜಾ. ಹಬ್ಬಾ ತಮ್ಮ ಹುದ್ದೆಗೆ ತಾವೇ ರಾಜೀನಾಮೆ ಕೊಟ್ಟು, ಗ್ರೇಸ್ ಬಿಟ್ಟುಹೋದ ಸಹಾಯಕರ ಕುರ್ಚಿಯಲ್ಲಿ ಕೂತು, ಮೇಲಿನ ಹುದ್ದೆ ಖಾಲಿ ಇದೆ ಎಂಬ ಕಾರಣಕ್ಕೆ ಮತ್ತೆ ಅದೇ ಹುದ್ದೆಗೆ ಹಂಗಾಮಿಯಾಗಿ ಬಂದರು. ಎರಡು ಕೋರ್ಟುಗಳು ಇದು ನಡೆಯಲ್ಲ ಅಂದವು. ಡಿಸೆಂಬರ್‌ನಲ್ಲಿ ಅವರು ನಿಜವಾದ ರಾಜೀನಾಮೆ ಕೊಟ್ಟರು.

ವರ್ಜೀನಿಯಾದ್ದು ಇನ್ನೂ ಸೊಗಸು. ಅಲ್ಲಿನ ಪ್ರಾಸಿಕ್ಯೂಟರ್ ಎರಿಕ್ ಸೀಬರ್ಟ್ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅವನು ಬಿಟ್ಟಿದ್ದಲ್ಲ, ನಾನೇ ತೆಗೆದದ್ದು ಎಂದು ಟ್ರಂಪ್ ಹಟ ಹಿಡಿದರು. ಬಿಟ್ಟುಹೋದವರನ್ನೂ ತೆಗೆಯದೆ ಅವರಿಗೆ ಸಮಾಧಾನ ಇಲ್ಲ. ಆ ಜಾಗಕ್ಕೆ ಬಂದವರು ಲಿಂಡ್ಸೆ ಹ್ಯಾಲಿಗನ್. ವಿಮಾ ಕೇಸುಗಳ ವಕೀಲೆ, ಪ್ರಾಸಿಕ್ಯೂಟರ್ ಆಗಿ ಅನುಭವ ಸೊನ್ನೆ. ಬಂದ ಕೆಲವೇ ದಿನದಲ್ಲಿ ಮಾಜಿ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಮೇಲೆ ಆರೋಪಪಟ್ಟಿ ತಂದರು. 2017ರಲ್ಲಿ ಟ್ರಂಪ್ ವಜಾ ಮಾಡಿದ ಅದೇ ಕೋಮಿ. ಆಗ ಅವರು ಲಾಸ್ ಏಂಜಲೀಸ್ ಕಚೇರಿಯಲ್ಲಿ ಸಿಬ್ಬಂದಿ ಜೊತೆ ಮಾತಾಡುತ್ತಿದ್ದರು. ತಮ್ಮ ಕೆಲಸ ಹೋಗಿದೆ ಅನ್ನೋದನ್ನು ಎದುರಿನ ಟಿವಿಯಲ್ಲಿ ಓದಿ, ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದರು. ಈ ಸಲ ತಮಾಷೆ ಅವರ ಪರವಾಗಿತ್ತು. ಹ್ಯಾಲಿಗನ್ ನೇಮಕವೇ ಕಾನೂನುಬದ್ಧ ಅಲ್ಲ ಎಂದು ನವೆಂಬರ್ 24ರಂದು ಜಡ್ಜ್ ಕೇಸನ್ನೇ ಕಿತ್ತುಹಾಕಿದರು. ನ್ಯೂಯಾರ್ಕಿನ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಮೇಲಿನ ಕೇಸೂ ಅದರ ಜೊತೆಗೇ ಹೋಯಿತು. ಇಬ್ಬರು ಕಡುವೈರಿಗಳನ್ನು ಒಂದೇ ದಿನ ಬಿಡಿಸಿದ್ದು ಬೇರೆ ಯಾರೂ ಅಲ್ಲ, ಟ್ರಂಪ್ ಅವರ ನೇಮಕಾತಿಯೇ.

ಜನವರಿ 2026ರಲ್ಲಿ ಹ್ಯಾಲಿಗನ್ ಹೊರಟರು. ಆ ಕೋರ್ಟಿನ ಜಡ್ಜ್‌ಗಳು ಹುದ್ದೆ ಖಾಲಿ ಇದೆ ಎಂದು ಪ್ರಕಟಣೆ ಹೊರಡಿಸಿ ಅರ್ಜಿ ಕರೆದರು. ಜಡ್ಜ್‌ಗಳು ಕೇಳಿದ್ದ ಅರ್ಜಿ ಆದ್ದರಿಂದ ಶವರ್ ಬಗ್ಗೆ ಪ್ರಬಂಧ ಬೇಕಾಗಿರಲಿಕ್ಕಿಲ್ಲ. ಆಸಕ್ತರು ಧಾರಾಳವಾಗಿ ಹಾಕಬಹುದಿತ್ತು. ಆಯ್ಕೆಯಾದವರು ಮಾತ್ರ, ಮೇಜಿನ ಮೇಲೆ ಹೆಸರಿನ ಫಲಕ ಮಾಡಿಸುವ ಮೊದಲು ನ್ಯೂಜೆರ್ಸಿಯ ಗ್ರೇಸ್ ಅವರಿಗೆ ಒಂದು ಫೋನ್ ಮಾಡಬೇಕಿತ್ತು.