ಒಡೆಯುತ್ತೆ, ಆದ್ರೆ ಎಲ್ಲಿ?

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹೊತ್ತು ಕಳೆಯಲು ನನ್ನದೊಂದು ಉಪಾಯವಿದೆ. ಮುಂದಿರುವ ಗಾಡಿಯ ನಂಬರ್ ಒಡೆಯುವುದು, ಅಂದರೆ ಯಾವ ಸಣ್ಣ ಸಂಖ್ಯೆಗಳನ್ನು ಗುಣಿಸಿದರೆ ಅದು ಬರುತ್ತದೆ ಅಂತ ಹುಡುಕುವುದು. ಕೂಡಿಸಿದರೆ ಒಂಬತ್ತು ಬರುವ ನಂಬರ್ ಸಿಕ್ಕರೆ ಆಟ ಅಲ್ಲಿಗೇ ಮುಗೀತು. ಅದೃಷ್ಟ ಅಂತ ದುಡ್ಡು ಸುರಿದು ಜನ ಮನೆಗೆ ತರುವುದು, ಪಾಪ, 9ರಿಂದ ಭಾಗ ಹೋಗುವ ಸಂಖ್ಯೆಯನ್ನು. ಮಜಾ ಇರುವುದು 1763ರಂಥದ್ದರಲ್ಲಿ. 3ರ ಮಗ್ಗಿಯಲ್ಲಿಲ್ಲ, 7ರದ್ದರಲ್ಲೂ ಇಲ್ಲ. 11, 13, 17 ಯಾವುದಕ್ಕೂ ಬಗ್ಗುವುದಿಲ್ಲ. ಒಡೆಯದ ಸಂಖ್ಯೆ, ಅಂದರೆ ಅವಿಭಾಜ್ಯವೇ ಇರಬೇಕು ಅಂತ ಕೈಬಿಡುವಷ್ಟರಲ್ಲಿ 42ರ ವರ್ಗ 1764 ಅಂತ ಹೊಳೆಯುತ್ತದೆ. ಇದು ಅದಕ್ಕಿಂತ ಒಂದು ಕಮ್ಮಿ. ಅಂದರೆ 41 ಗುಣಿಸು 43! ಅಷ್ಟರಲ್ಲಿ ಆ ಗಾಡಿಯವರು ಕನ್ನಡಿಯಲ್ಲಿ ನನ್ನನ್ನೇ ಅನುಮಾನದಿಂದ ನೋಡುತ್ತಿರುತ್ತಾರೆ, ಅದು ಬೇರೆ ಮಾತು.

ನಾಲ್ಕು ಅಂಕಿಯ ಕಥೆ ಇಷ್ಟೇ. ಅಂಕಿ ಜಾಸ್ತಿಯಾದ ಹಾಗೆ ವಿಚಿತ್ರ ಶುರುವಾಗುತ್ತದೆ. ಕೆಲವು ಸಂಖ್ಯೆ ಒಡೆಯುತ್ತದೆ ಅನ್ನುವುದು ಖಾತ್ರಿ. ಎಲ್ಲಿ ಒಡೆಯುತ್ತದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಮನೆಯೊಳಗೆ ಕಾಲಿಟ್ಟ ಕೂಡಲೇ ಹಲಸಿನ ಹಣ್ಣಿನ ವಾಸನೆ ಬಡಿಯುತ್ತದಲ್ಲ, ಹಾಗೆ. ಹಣ್ಣಿರುವುದು ನಿಜ, ಯಾವ ಮೂಲೆಯಲ್ಲಿ ಅಂತ ಹುಡುಕಬೇಕು.

ವಾಸನೆ ಹಿಡಿಯುವ ಒಂದು ದಾರಿ ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಅವರದ್ದು. 7ನ್ನೇ ತಗೊಳ್ಳಿ. ಅದಕ್ಕಿಂತ ಒಂದು ಕಮ್ಮಿ, ಅಂದರೆ ಆರು ಎರಡುಗಳನ್ನು ಗುಣಿಸಿದರೆ 64. 7ರಿಂದ ಭಾಗಿಸಿದರೆ ಶೇಷ 1. 2 ಒಂದನ್ನು ಬಿಟ್ಟು ಎಲ್ಲ ಅವಿಭಾಜ್ಯ ಸಂಖ್ಯೆಗೂ ಹೀಗೆ 1 ಬರಲೇಬೇಕು. ಈಗ 9 ನೋಡಿ. ಎಂಟು ಎರಡುಗಳ ಗುಣಲಬ್ಧ 256, ಶೇಷ 4. ಸಿಕ್ಕಿಬಿತ್ತು, 9 ಸಂಯುಕ್ತ ಸಂಖ್ಯೆ, ಅಂದರೆ ಒಡೆಯುವಂಥದ್ದು. ಮೂರ್ಮೂರ್ಲ ಒಂಬತ್ತು ಅಂತ ನಾವು ಬಾಯಿ ಬಿಡಲೇ ಇಲ್ಲ! ಆದರೆ ಶೇಷ 1 ಬಂತು ಅಂತ ಸುಮ್ನೆ ನಂಬುವ ಹಾಗಿಲ್ಲ. 341ಕ್ಕೂ 1 ಬರುತ್ತದೆ, ಅದು 11 ಗುಣಿಸು 31. ರಾಮಾನುಜನ್ ಅವರ ಹೆಸರಿಗೆ ಅಂಟಿಕೊಂಡ 1729 ಕೂಡ ಇದೇ ಜಾತಿಯ ಕಳ್ಳ. 7, 13, 19 ಮೂರನ್ನೂ ಒಳಗಿಟ್ಟುಕೊಂಡು ಏನೂ ಗೊತ್ತಿಲ್ಲದಂತೆ ಕೂತಿರುತ್ತದೆ.

2ರ 67ನೇ ಘಾತದಲ್ಲಿ ಒಂದು ಕಳೆದರೆ 147573952589676412927. ಇದು ಅವಿಭಾಜ್ಯ ಅಂತ 1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ ಪಟ್ಟಿಗೆ ಸೇರಿಸಿದ್ದರು. 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ತಮ್ಮದೇ ಬೇರೊಂದು ಪರೀಕ್ಷೆ ಹಚ್ಚಿ, ಅಲ್ಲ ಅಂದರು. ತುಂಡು ತೋರಿಸಿ ಅಂದರೆ ಅವರ ಹತ್ತಿರ ಇರಲಿಲ್ಲ. 1903ರಲ್ಲಿ ನ್ಯೂಯಾರ್ಕ್‌ನ ಸಭೆಯೊಂದರಲ್ಲಿ ಕೋಲ್ ಎಂಬವರು ಎದ್ದು, 193707721ನ್ನು 761838257287ರಿಂದ ಗುಣಿಸಿ ತೋರಿಸಿದರು. ಮಾತೇ ಆಡದೆ ಬೋರ್ಡ್ ಮೇಲೆ ಬರೆದು ಕೂತರಂತೆ, ಸಭೆ ಚಪ್ಪಾಳೆ ತಟ್ಟಿತಂತೆ. ಇದನ್ನು ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವು ಅನ್ನುವ ಮಾತೂ ಇದೆ. ಎಲ್ಲರೂ ಕೋಲ್ ಕಥೆಯನ್ನೇ ಹೇಳುತ್ತಾರೆ. ನನಗೆ ಲ್ಯೂಕಾ ಮೇಲೇ ಪ್ರೀತಿ ಜಾಸ್ತಿ. ಕೈಯಲ್ಲಿ ತುಂಡಿಲ್ಲದೆ ‘ಇದು ಒಡೆಯುತ್ತೆ’ ಅನ್ನೋಕೆ ಎದೆ ಬೇಕು, ಅಲ್ವಾ?

ಇಂಟರ್ನೆಟ್ಟಿನಲ್ಲಿ ಎಷ್ಟೋ ಬೀಗಗಳು ನಿಂತಿರುವುದೂ ಇದರ ಮೇಲೇ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, 617 ಅಂಕಿಯ ಸಂಖ್ಯೆ ಮಾಡಿ ಊರಿಗೆಲ್ಲ ತೋರಿಸುತ್ತಾರೆ. ಒಡೆಯುತ್ತೆ ಅಂತ ಕಳ್ಳನಿಗೂ ಗೊತ್ತು.

ಇವೆಲ್ಲಕ್ಕಿಂತ ಹಟಮಾರಿ ಒಂದಿದೆ. 1,67,77,216 ಎರಡುಗಳನ್ನು ಗುಣಿಸಿ ಒಂದು ಕೂಡಿಸಿದರೆ ಬರುವ ಸಂಖ್ಯೆ. ಅಂಕಿಗಳೇ ಐವತ್ತು ಲಕ್ಷ ದಾಟುತ್ತವೆ. ಅದು ಸಂಯುಕ್ತ ಅಂತ 1999ರಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ಸಾಬೀತಾಯಿತು. ಇದುವರೆಗೆ ಒಂದೇ ಒಂದು ಅಪವರ್ತನ ಸಿಕ್ಕಿಲ್ಲ. ಸುಳಿವು ಮಾತ್ರ ಇದೆ: ಆ ಅಪವರ್ತನ 6,71,08,864ರ ಮಗ್ಗಿಯಲ್ಲಿ ಬರುವ ಯಾವುದೋ ಸಂಖ್ಯೆಗಿಂತ ಸರಿಯಾಗಿ ಒಂದು ಜಾಸ್ತಿ ಇರಬೇಕು. ಹುಡುಕುವವರು ಆ ಮಗ್ಗಿ ಹೇಳುತ್ತಲೇ ಇದ್ದಾರೆ.