ಓದು ಒಂದೇ, ಕೆಲಸ ಒಂದೇ, ಲೈಸೆನ್ಸಿಗೆ ಮಾತ್ರ ಬೇರೆ ಬಾಗಿಲು

ಹನ್ನೊಂದು ವಾರ ಆಯಿತು. ನನ್ನ ಮಗಳು ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತಿದ್ದಾಳೆ. ಮೆಡಿಕಲ್ ಓದು ಮುಗಿದಿದೆ. ಆಸ್ಪತ್ರೆಯಲ್ಲಿ ಮೂರು ವರ್ಷದ ತರಬೇತಿ, ಅಂದರೆ ರೆಸಿಡೆನ್ಸಿ, ಜೂನ್ 30ಕ್ಕೆ ಮುಗಿದಿದೆ. ಕೆಲಸದ ಆರ್ಡರ್ ಕೈಯಲ್ಲಿದೆ. ಲೈಸೆನ್ಸ್ ಮಾತ್ರ ಬಂದಿಲ್ಲ. ಅವಳ ಹೆಸರಿನ ಮುಂದೆ ಎಂ.ಡಿ. ಬದಲು ಡಿ.ಓ. ಅಂತ ಇದೆ, ಅಷ್ಟೇ ಕಾರಣ.

ಅಮೆರಿಕದಲ್ಲೇ ಇಪ್ಪತ್ತು ವರ್ಷ ಇರುವ ನಮ್ಮವರಿಗೂ ಡಿ.ಓ. ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಇಲ್ಲಿ ಡಾಕ್ಟರ್ ಆಗಲು ಎರಡು ಪದವಿಗಳಿವೆ. ಎಂ.ಡಿ. ಒಂದು, ಡಿ.ಓ. ಇನ್ನೊಂದು. ಪೂರ್ತಿ ಹೆಸರು ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್. ನಾಲ್ಕು ವರ್ಷದ ಓದು. ಅದೇ ಅನಾಟಮಿ, ಅದೇ ಫಾರ್ಮಕಾಲಜಿ, ಅದೇ ವಾರ್ಡುಗಳಲ್ಲಿ ಓಡಾಟ. ಅದರ ಜೊತೆಗೆ ಕೀಲು, ಸ್ನಾಯುಗಳನ್ನು ಕೈಯಿಂದಲೇ ಮುಟ್ಟಿ ನೋಡಿ ಚಿಕಿತ್ಸೆ ಕೊಡುವುದನ್ನು ಸುಮಾರು 200 ಗಂಟೆ ಕಲಿಸುತ್ತಾರೆ. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಹೆರಿಗೆ ಮಾಡಿಸುತ್ತಾರೆ. ಈ ದೇಶದಲ್ಲಿ ಈಗ ಮೆಡಿಕಲ್ ಓದುತ್ತಿರುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಡಿ.ಓ. ಕಾಲೇಜಿನವರು. 2020ರಲ್ಲಿ ಟ್ರಂಪ್ ಅವರಿಗೆ ಕೋವಿಡ್ ಬಂದಾಗ ನೋಡಿಕೊಂಡ ಶಾನ್ ಕಾನ್ಲಿ ಡಿ.ಓ. ಬೈಡನ್ ಅಧ್ಯಕ್ಷರಾಗಿದ್ದಾಗ ಅವರ ಡಾಕ್ಟರ್ ಆಗಿದ್ದ ಕೆವಿನ್ ಓಕಾನರ್ ಕೂಡ ಡಿ.ಓ. ದೇಶದ ಅಧ್ಯಕ್ಷರ ಜೀವವನ್ನೇ ಇವರ ಕೈಗೆ ಕೊಡುತ್ತಾರೆ. ನನ್ನ ಮಗಳು ಒಂದು ಹಳ್ಳಿ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆ, ಬಿಪಿ ನೋಡಲು ಹನ್ನೊಂದು ವಾರ ಕಾಯಬೇಕು!

ಹಾಸನದಿಂದ ನಮ್ಮ ಅತ್ತಿಗೆ ಫೋನ್ ಮಾಡಿದಾಗಲೆಲ್ಲ, "ಅವಳು ಮೂಳೆ ಡಾಕ್ಟರಾ?" ಅಂತ ಕೇಳುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಬೇರೆ ಎಷ್ಟೋ ದೇಶಗಳಲ್ಲಿ ಆಸ್ಟಿಯೋಪತ್ ಅಂದರೆ ಬೆನ್ನು, ಕುತ್ತಿಗೆ ನೋವಿಗೆ ಕೈಚಿಕಿತ್ಸೆ ಕೊಡುವವರು, ಔಷಧಿ ಬರೆಯುವ ಡಾಕ್ಟರಲ್ಲ. ಆಸ್ಟಿಯೋ ಅಂದರೆ ಮೂಳೆ, ಹೆಸರೇ ಹಾಗಿದೆ, ಅವರಿಗೆ ಗೊಂದಲ ಆಗುವುದು ಸಹಜ. ಆದರೆ ಲೈಸೆನ್ಸ್ ಕೊಡುವ ಆಫೀಸಿನಲ್ಲಿ ಕೂತವರಿಗೂ ಅದೇ ಗೊಂದಲ ಇದ್ದರೆ ಏನು ಮಾಡುವುದು?

ಆಗಿದ್ದು ಹೀಗೆ. ಇಲ್ಲಿ ಡಾಕ್ಟರ್ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರ ಅಲ್ಲ, ಒಂದೊಂದು ರಾಜ್ಯ. ಟೆಕ್ಸಾಸ್, ಒಹಾಯೋ ಥರದ ರಾಜ್ಯಗಳಲ್ಲಿ ಎರಡೂ ಪದವಿಗೆ ಲೈಸೆನ್ಸ್ ಕೊಡುವುದು ಒಂದೇ ಬೋರ್ಡ್. ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಪೆನ್ಸಿಲ್ವೇನಿಯಾ, ಅರಿಜೋನಾ, ಇನ್ನೂ ಕೆಲವು ಕಡೆ ಎಂ.ಡಿ.ಗಳಿಗೆ ಒಂದು ಬೋರ್ಡ್, ಡಿ.ಓ.ಗಳಿಗೆ ಇನ್ನೊಂದು. ಮಗಳು ರೆಸಿಡೆನ್ಸಿ ಮಾಡಿದ ರಾಜ್ಯದಲ್ಲಿ ಒಂದೇ ಬೋರ್ಡ್ ಇತ್ತು. ಕೆಲಸ ಸಿಕ್ಕ ರಾಜ್ಯದಲ್ಲಿ ಎರಡು. ಕ್ಲಿನಿಕ್ಕಿನವರು ಕಾಗದಪತ್ರದ ಕೆಲಸಕ್ಕೆ ಒಂದು ಏಜೆನ್ಸಿ ಇಟ್ಟುಕೊಂಡಿದ್ದಾರೆ. ಆ ಏಜೆನ್ಸಿ ಅವಳ ಅರ್ಜಿಯನ್ನು ಎಂ.ಡಿ. ಬೋರ್ಡಿಗೆ ಹಾಕಿತು. ಬೋರ್ಡು ಫೀಸು ತೆಗೆದುಕೊಂಡಿತು, ಬೆರಳಚ್ಚು ತೆಗೆದುಕೊಂಡಿತು. ಐದು ವಾರ ಸುಮ್ಮನಿದ್ದು, ಆಮೇಲೆ ಒಂದು ಸಾಲಿನ ಇಮೇಲ್: ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಫೀಸು ವಾಪಸ್ ಇಲ್ಲ.

ಅರ್ಜಿಯ ಮೊದಲ ಪುಟದಲ್ಲೇ ಪದವಿ ಡಿ.ಓ. ಅಂತ ಬರೆದಿದೆ. ಅದನ್ನು ಓದಲು ಐದು ವಾರ ಬೇಕಾ? ಮೊದಲ ದಿನವೇ ಹೇಳಿದ್ದರೆ ಆಗುತ್ತಿರಲಿಲ್ಲವಾ? ಎರಡು ಬೋರ್ಡೂ ಅದೇ ರಾಜ್ಯ ಸರ್ಕಾರದವು. ಒಬ್ಬರು ಇನ್ನೊಬ್ಬರಿಗೆ ಫೈಲು ದಾಟಿಸಲೂ ಇಲ್ಲ. ಹೊಸ ಅರ್ಜಿ, ಹೊಸ ಫೀಸು, ಮತ್ತೆ ಬೆರಳಚ್ಚು. ಐದು ವಾರದಲ್ಲಿ ಅವಳ ಬೆರಳು ಬದಲಾಗುತ್ತದಾ?

ಸರಿ, ಡಿ.ಓ. ಬೋರ್ಡಿಗಾದರೂ ತಮ್ಮವರ ವಿಷಯ ಗೊತ್ತಿರುತ್ತದೆ ಅಂದುಕೊಂಡೆವು. ಅಲ್ಲಿನ ಫಾರಂನಲ್ಲಿ ಒಂದು ಪ್ರಶ್ನೆ: ನಿಮ್ಮ ಮೊದಲ ವರ್ಷದ ತರಬೇತಿಗೆ ಆಸ್ಟಿಯೋಪತಿಕ್ ಸಂಘದ ಮಾನ್ಯತೆ ಇತ್ತೇ? ಒಂದು ಕಾಲದಲ್ಲಿ ಮಿಷಿಗನ್, ಒಕ್ಲಹೋಮಾ, ಫ್ಲೋರಿಡಾದಂಥ ಕೆಲವು ರಾಜ್ಯಗಳು ಈ ನಿಯಮ ಇಟ್ಟಿದ್ದವು. ಬೇರೆ ಕಡೆ ತರಬೇತಿ ಆದವರು ರೆಸಲ್ಯೂಷನ್ 42 ಅನ್ನುವ ದಾರಿ ಹಿಡಿದು ಸಂಘದಿಂದ ಒಪ್ಪಿಗೆ ತರಬೇಕಿತ್ತು. ಆದರೆ 2020ರ ಜೂನ್ ಕೊನೆಗೆ ಆ ಪ್ರತ್ಯೇಕ ಮಾನ್ಯತೆ ವ್ಯವಸ್ಥೆಯೇ ಮುಗಿಯಿತು. ಈಗ ಎಂ.ಡಿ., ಡಿ.ಓ. ಇಬ್ಬರ ರೆಸಿಡೆನ್ಸಿಗೂ ಒಂದೇ ಸಂಸ್ಥೆಯ ಮಾನ್ಯತೆ. ನನ್ನ ಮಗಳು ಇಂಟರ್ನ್ ಆಗುವ ಹೊತ್ತಿಗೆ ಆ ಹಳೆಯದು ಇರಲೇ ಇಲ್ಲ. ಅವಳು 'ಇಲ್ಲ' ಅಂತ ಗುರುತು ಹಾಕಿದಳು. ಅದು ನಿಜವಾದ ಉತ್ತರ. ಆ 'ಇಲ್ಲ' ನೋಡಿ ಫೈಲನ್ನು ಪಕ್ಕಕ್ಕಿಟ್ಟರು. ವಿವರಣೆ ಕೊಡಿ ಅಂದರು. ಕೊಟ್ಟಳು. ರೆಸಿಡೆನ್ಸಿ ಡೈರೆಕ್ಟರ್ ಹತ್ತಿರ ಪತ್ರ ತನ್ನಿ ಅಂದರು. ತಂದಳು. ಈಗ ಅದು ಪರಿಶೀಲನೆಯಲ್ಲಿದೆಯಂತೆ.

ಪರೀಕ್ಷೆಯ ಕಥೆ ಹೇಳಿದರೆ ಹೊಟ್ಟೆ ಇನ್ನೂ ಉರಿಯುತ್ತದೆ. ಡಿ.ಓ.ಗಳ ಲೈಸೆನ್ಸ್ ಪರೀಕ್ಷೆ ಕಾಮ್ಲೆಕ್ಸ್, ಮೂರು ಹಂತ. 50 ರಾಜ್ಯಗಳೂ ಅದನ್ನು ಒಪ್ಪುತ್ತವೆ. ಆದರೆ ಎಷ್ಟೋ ರೆಸಿಡೆನ್ಸಿಗಳು ಎಂ.ಡಿ.ಗಳು ಬರೆಯುವ ಯು.ಎಸ್.ಎಂ.ಎಲ್.ಇ. ಅಂಕವನ್ನೇ ನೋಡುತ್ತವೆ. ಅದಕ್ಕೆ ಮಕ್ಕಳು ಎರಡನ್ನೂ ಬರೆಯುತ್ತಾರೆ. ಇವಳೂ ಮೊದಲ ಎರಡು ಹಂತಗಳನ್ನು ಎರಡೂ ಪರೀಕ್ಷೆಯಲ್ಲಿ ಬರೆದಳು. ಒಂದೊಂದಕ್ಕೂ ಏಳುನೂರು ಡಾಲರ್ ಆಸುಪಾಸು, ಒಂದೊಂದಕ್ಕೂ ಇಡೀ ದಿನ. ಆ ಬೇಸಿಗೆಯಲ್ಲಿ ಅವಳ ಕೂದಲು ಉದುರಿದ್ದನ್ನು ನಾನು ನೋಡಿದ್ದೇನೆ. ಎರಡರಲ್ಲೂ ಪಾಸಾದಳು. ಎಂ.ಡಿ. ಓದಿದ ಅವಳ ಗೆಳತಿ ಒಂದನ್ನೇ ಬರೆದಳು. ಅದೇ ರೆಸಿಡೆನ್ಸಿ, ಅದೇ ನೈಟ್ ಡ್ಯೂಟಿ, ಅದೇ ಸಂಬಳ. ಆ ಗೆಳತಿ ಜುಲೈನಿಂದ ಇದೇ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದಾಳೆ. ಒಳ್ಳೆಯ ಹುಡುಗಿ. ಅವಳೇ ಫೋನ್ ಮಾಡಿ ಅತ್ತಳು.

ಲೈಸೆನ್ಸ್ ವಿಷಯದಲ್ಲಿ ರಾಜ್ಯಗಳ ನಡುವೆ ಒಂದು ಒಪ್ಪಂದ, ಕಾಂಪ್ಯಾಕ್ಟ್ ಅನ್ನುವುದು ಇದೆಯಲ್ಲ, ಅದರಲ್ಲಿ ಬೇಗ ಆಗುತ್ತದಲ್ಲ ಅಂತ ಕೆಲವರು ಹೇಳಿದರು. 2017ರಿಂದ ಇದೆ, ನಿಜ. ಆದರೆ ಅದಕ್ಕೆ ಮೊದಲು ಒಂದು ರಾಜ್ಯದ ಪೂರ್ತಿ ಲೈಸೆನ್ಸ್ ಇರಬೇಕು. ಈಗಷ್ಟೇ ತರಬೇತಿ ಮುಗಿಸಿದವಳ ಹತ್ತಿರ ಇರುವುದು ತರಬೇತಿಯ ಲೈಸೆನ್ಸ್ ಮಾತ್ರ.

ಇದು ಇವತ್ತಿನ ರೋಗವೂ ಅಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾ ಡಿ.ಓ.ಗಳಿಗೆ ಹೊಸ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತ್ತು. ಆಗ ಅಲ್ಲಿದ್ದ ಡಿ.ಓ.ಗಳಿಗೆ ಒಂದು ಚಿಕ್ಕ ತರಬೇತಿ ಕೊಟ್ಟು, 65 ಡಾಲರ್ ಕಟ್ಟಿಸಿಕೊಂಡು ಎಂ.ಡಿ. ಪದವಿ ಕೊಟ್ಟರು. ಸುಮಾರು ಎರಡು ಸಾವಿರ ಜನ ಹಾಗೆ ಬದಲಾದರು. ಅದೇ ಡಾಕ್ಟರು, ಅದೇ ರೋಗಿಗಳು, ಬಾಗಿಲಿನ ಹೆಸರಿನ ಫಲಕದ ಮೇಲೆ ಎರಡಕ್ಷರ ಬೇರೆ. 1974ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಮತ್ತೆ ಲೈಸೆನ್ಸ್ ಕೊಡಿ ಅಂದಿತು. 65 ಡಾಲರಿಗೆ ಅಳಿಸಿಹೋಗುವ ವ್ಯತ್ಯಾಸಕ್ಕೆ ಹನ್ನೆರಡು ವರ್ಷ ಹೊಸಬರನ್ನು ಹೊರಗಿಟ್ಟರು. ಆ ಅನ್ಯಾಯ ಮುಗಿದು ಐವತ್ತು ವರ್ಷ ಆಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಂತೂ ಮುಗಿದಿಲ್ಲ.

ಪ್ರತ್ಯೇಕ ಬೋರ್ಡ್ ಇರಬೇಕು ಅನ್ನುವವರೂ ಇದ್ದಾರೆ. ಹಿಂದೆ ಎಂ.ಡಿ.ಗಳೇ ತುಂಬಿದ ಬೋರ್ಡುಗಳು ಡಿ.ಓ.ಗಳನ್ನು ತುಳಿದದ್ದಕ್ಕೇ ಇದು ಹುಟ್ಟಿದ್ದು ಅನ್ನುತ್ತಾರೆ. ಮಗಳೂ ಅದನ್ನೇ ಹೇಳುತ್ತಾಳೆ. ಇರಲಿ, ಒಪ್ಪುತ್ತೇನೆ. ಹಾಗಾದರೆ ಸರಿಯಾಗಿ ನಡೆಸಿ. ಮುಚ್ಚಿಹೋದ ವ್ಯವಸ್ಥೆಯ ಪ್ರಶ್ನೆಯನ್ನು ಫಾರಂನಿಂದ ತೆಗೆಯಿರಿ. ಫೋನ್ ಎತ್ತಿ. ಪಕ್ಕದ ಬೋರ್ಡಿಗೆ ಫೈಲು ಕಳಿಸಿ.

ಅವಳಿಗೆ ಸಂಬಳ ಇಲ್ಲ, ಓದಿನ ಸಾಲದ ಬಡ್ಡಿ ನಿಂತಿಲ್ಲ. ಬಾಡಿಗೆಗೆ ಹಿಡಿದ ಮನೆ ಖಾಲಿ ಬಿದ್ದಿದೆ. ಅದಕ್ಕಿಂತ ಹೆಚ್ಚಾಗಿ ಆ ಊರಿನ ಜನ. ಅಲ್ಲಿದ್ದ ವಯಸ್ಸಾದ ಡಾಕ್ಟರ್ ನಿವೃತ್ತಿ ಆಗಿದ್ದಾರೆ. ಕ್ಲಿನಿಕ್ಕಿನ ರಿಸೆಪ್ಷನ್ ಹೆಂಗಸು ಇವಳ ಹೆಸರಲ್ಲಿ ಅಪಾಯಿಂಟ್‌ಮೆಂಟ್ ಬರೆದುಕೊಂಡು, ಎರಡು ಸಲ ಎಲ್ಲರಿಗೂ ಫೋನ್ ಮಾಡಿ ಮುಂದೂಡಿದ್ದಾಳೆ. ಹತ್ತಿರದ ಇನ್ನೊಂದು ಕ್ಲಿನಿಕ್ಕಿಗೆ ಐವತ್ತು ನಿಮಿಷದ ದಾರಿ.

ಮಕ್ಕಳು ಡಿ.ಓ. ಓದುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೆಲಸ ಒಪ್ಪುವ ಮುಂಚೆಯೇ ಆ ರಾಜ್ಯದಲ್ಲಿ ಎಷ್ಟು ಬೋರ್ಡ್ ಅಂತ ನೋಡಿಕೊಳ್ಳಿ. ಏಜೆನ್ಸಿಯನ್ನು ನಂಬಬೇಡಿ, ಅರ್ಜಿಯನ್ನು ನೀವೇ ಹಾಕಿ.

"ಬಿಡಮ್ಮ, ಬಂದೇ ಬರುತ್ತದೆ" ಅನ್ನುತ್ತಾಳೆ ಮಗಳು. ಬೆಳಿಗ್ಗೆ ಎಂಟೂವರೆಗೆ ಫೋನ್ ಹಿಡಿದು ಕೂರುತ್ತಾಳೆ. ನಲವತ್ತು ನಿಮಿಷ ಮ್ಯೂಸಿಕ್ ಕೇಳುತ್ತದೆ, ಆಮೇಲೆ ಕಟ್ ಆಗುತ್ತದೆ. ಸೋಮವಾರ ನಾನೂ ನನ್ನ ಫೋನಿನಿಂದ ಮಾಡುತ್ತೇನೆ. ಇಬ್ಬರಲ್ಲಿ ಒಬ್ಬರಿಗಾದರೂ ಎತ್ತಬಹುದು.